ಬಿಳಿಗೆ ಬೇಕಾದಷ್ಟು ನೀಲಿ

"ಏನು ಕಾಣ್ತಿದೆ? ನಿಧಾನವಾಗಿ ನೋಡಿ ಹೇಳಿ," ಎಂದರು ಕಣ್ಣಿನ ಡಾಕ್ಟರು, ಬಲಗಣ್ಣಿನ ಮೇಲಿಟ್ಟಿದ್ದ ಹತ್ತಿಯನ್ನು ತೆಗೆಯುತ್ತ.

ಫೋಟೋದಮ್ಮ ರೆಪ್ಪೆ ಬಡಿದಳು. ಮೊದಲು ಬರೀ ನೀರು. ನೀರಿನಾಚೆ ಒಂದು ಕಿಟಕಿ, ಕಿಟಕಿಗೆ ಅಡ್ಡವಾಗಿ ಒಂದು ಕೋಟು. ಬೆಳಕು ಬಿದ್ದು ಆ ಕೋಟು ನಿಂತಲ್ಲೇ ತೇಲುತ್ತಿರುವಂತಿತ್ತು.

"ನಿಮ್ಮ ಕೋಟು ನೀಲಿ ಇದೆ," ಎಂದಳು.

"ಬಿಳಿ ಕೋಟಮ್ಮ ಇದು," ಡಾಕ್ಟರು ನಕ್ಕರು. "ಕಣ್ಣಿನ ಪೊರೆ ಅಂದ್ರೆ ಹಳದಿ ಕನ್ನಡಕ ಇದ್ದ ಹಾಗೆ. ತೆಗೆದ ಮೇಲೆ ಸ್ವಲ್ಪ ದಿನ ಎಲ್ಲಾ ನೀಲಿ ನೀಲಿ ಕಾಣತ್ತೆ. ಆಮೇಲೆ ಹೊಂದಿಕೊಳ್ಳತ್ತೆ. ಎಡಗಣ್ಣಿಂದು ಮುಂದಿನ ತಿಂಗಳು ಮಾಡೋಣ."

ಆಕೆಗೆ ಆ ಮಾತು ಅರ್ಧ ಮಾತ್ರ ಕಿವಿಗೆ ಬಿತ್ತು. ಪಕ್ಕದ ಕುರ್ಚಿಯಲ್ಲಿ ಔಷಧದ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಗಂಡನ ಮುಖವನ್ನು ಆಕೆ ಓದುತ್ತಿದ್ದಳು. ಕೆನ್ನೆಯ ಮೇಲೆ ಸಣ್ಣ ಸಣ್ಣ ಗೆರೆಗಳು, ಹುಬ್ಬಿನಲ್ಲಿ ಬೆಳ್ಳಗಿನ ಒಂಟಿ ಕೂದಲು, ಕೈಯ ಮೇಲೆ ಎದ್ದ ನರಗಳು.

"ಏನೇ ಹಾಗೆ ನೋಡ್ತಿದ್ದೀಯ?" ಎಂದರು ಅವರು.

"ನಿಮಗೆ ವಯಸ್ಸಾಗಿದೆ ಕಣ್ರೀ."

"ಇಲ್ಲಿಗೆ ಬರೋವಾಗ ಆಗಿರ್ಲಿಲ್ಲ."

ಅವರು ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಬೀದಿಯವರಿಗೆ ಈಗಲೂ ಗಾರ್ಡ್ ಸಾಹೇಬರು. ಆಕೆ ಪೇಟೆ ಬೀದಿಯ ತಿರುವಿನಲ್ಲಿದ್ದ ಸ್ಟುಡಿಯೋದಲ್ಲಿ ಆಯುಷ್ಯವೆಲ್ಲ ಕಳೆದವಳು. ಹುಟ್ಟಿದ ಮಕ್ಕಳಿಗೂ ಹಲ್ಲು ಬಿದ್ದ ಅಜ್ಜಂದಿರಿಗೂ ಒಂದೇ ಸಮನಾಗಿ ಆಕೆ ಫೋಟೋದಮ್ಮ. ಕಣ್ಣು ಮಂಜಾಗುತ್ತಿದೆ ಎಂದು ಆಕೆ ಯಾರಿಗೂ ಒಪ್ಪಿಕೊಂಡಿರಲಿಲ್ಲ. ಬೆಳಕು ಸಾಲದು, ಬಲ್ಬು ಹಳೆಯದು, ಕಂಪ್ಯೂಟರಿನ ಪರದೆ ಕೆಟ್ಟಿದೆ, ಹೀಗೆ ಜಗತ್ತಿನ ಮೇಲೆಯೇ ತಪ್ಪು ಹೊರಿಸುತ್ತ ಬಂದಿದ್ದಳು. ಕೊನೆಗೊಂದು ದಿನ, ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಯುವಕನಿಗೆ "ಟೋಪಿ ತೆಗೆದು ಕೂತ್ಕೊಳ್ಳಪ್ಪ" ಎಂದಾಗ ಅವನು ತಲೆ ಮುಟ್ಟಿಕೊಂಡು "ಇದು ನನ್ನ ಕೂದಲು" ಎಂದ. ಮರುದಿನವೇ, ಸ್ಟುಡಿಯೋದಲ್ಲಿ ಜೊತೆಗೆ ದುಡಿಯುತ್ತಿದ್ದ ಮಗಳು ಆಸ್ಪತ್ರೆಗೆ ಸಮಯ ಗೊತ್ತು ಮಾಡಿದಳು.

ಮನೆಗೆ ಬರುವ ದಾರಿಯೆಲ್ಲ ಆಕೆ ಮದುವೆಗೆ ಹೊರಟ ಹುಡುಗಿಯ ಹಾಗೆ ಆಟೋದ ಕಂಬಿಗೆ ಅಂಟಿಕೊಂಡಿದ್ದಳು. ಮರಕ್ಕೆ ಇಷ್ಟೊಂದು ಎಲೆಗಳಿವೆಯೇ! ಒಂದೊಂದಕ್ಕೂ ಅದರದೇ ಅಂಚು. ಮನೆಯ ಬಾಗಿಲು ದಾಟಿದವಳು ಅಡುಗೆಮನೆಯಲ್ಲಿ ತಟ್ಟನೆ ನಿಂತಳು.

"ಈ ಗೋಡೆಗೆ ಯಾವಾಗ ಬಣ್ಣ ಹೊಡೆಸಿದಿರಿ?"

"ಯಾರೂ ಹೊಡೆಸಿಲ್ಲ."

"ಇದು ಕೆನೆ ಬಣ್ಣ ಇತ್ತಲ್ಲ?"

"ಬಿಳಿ ಕಣೇ. ಮೊದಲಿಂದಲೂ ಬಿಳಿ. ಕೆನೆ ಬಣ್ಣ ಬಳಿದಿದ್ದಾನೆ ಅಂತ ನೀನು ಪೇಂಟರನ ಹತ್ರ ಜಗಳ ಆಡಿದ್ದೆ. ಪಾಪ, ಅವನು ಆಮೇಲೆ ಈ ಬೀದಿಗೇ ಬರ್ಲಿಲ್ಲ."

ನಗು ಬಂತು. ನಗುತ್ತಲೇ ಗೋಡೆಯನ್ನು ಬೆರಳಿಂದ ಉಜ್ಜಿ ನೋಡಿದಳು.

ಆಮೇಲಿನ ದಿನಗಳು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ಸಿಕ್ಕಿಕೊಂಡಂತೆ ಕಳೆದವು. ಬಾಗಬಾರದು, ಭಾರ ಎತ್ತಬಾರದು, ಹೊಗೆಯ ಹತ್ತಿರ ಹೋಗಬಾರದು. ಆಕೆ ಕಿಟಕಿಯ ಬಳಿ ಕೂತು ಒಂದು ಕಣ್ಣು ಮುಚ್ಚುವುದು, ಇನ್ನೊಂದು ತೆರೆಯುವುದು, ಮತ್ತೆ ಅದನ್ನು ಮುಚ್ಚಿ ಇದನ್ನು ತೆರೆಯುವುದು. ಎಡಗಣ್ಣಿನ ಬೀದಿಗೆ ಸದಾ ಇಳಿಹೊತ್ತು. ಎಲ್ಲದರ ಮೇಲೂ ಜೇನಿನಂಥ ಬೆಳಕು, ಅಂಚುಗಳೆಲ್ಲ ಕರಗಿ ಒಂದರೊಳಗೊಂದು ಹೋಗುತ್ತಿದ್ದವು. ಬಲಗಣ್ಣಿನ ಬೀದಿ ಈಗಷ್ಟೇ ತೊಳೆದಿಟ್ಟ ಪಾತ್ರೆ. ಎದುರು ಮನೆಯ ಬೆಕ್ಕು ಇಲ್ಲಿ ಕಂದು, ಅಲ್ಲಿ ಬೂದಿ. ಗಾರ್ಡ್ ಸಾಹೇಬರು ಕಾಫಿ ತಂದುಕೊಟ್ಟರೆ ಎಡಗಣ್ಣಿಗೆ ಮದುವೆಯಾದ ಹೊಸತರ ಗಂಡ, ಬಲಗಣ್ಣಿಗೆ ಈಗಿನ ಮುದುಕ. ಆಕೆ ಇಬ್ಬರನ್ನೂ ಸ್ವಲ್ಪ ಸ್ವಲ್ಪ ಹೊತ್ತು ನೋಡಿ ಕಾಫಿ ಕುಡಿಯುತ್ತಿದ್ದಳು.

ಸ್ಟುಡಿಯೋದ ಕಡೆ ಹೋಗಬೇಡ ಎಂದು ಮಗಳು ಹೇಳಿದ್ದಳು. "ಕಣ್ಣಿಗೆ ಆಯಾಸ ಆಗತ್ತಮ್ಮ. ನಾನು ನೋಡ್ಕೋತೀನಿ." ಆದರೆ ಊರಿನ ಲೈಬ್ರರಿಯವರು ಆಕೆಯ ಚಿತ್ರಗಳ ಪ್ರದರ್ಶನ ಮಾಡಬೇಕೆಂದು ಕೇಳಿದ್ದರು. ದೊಡ್ಡ ಓದುಕೋಣೆಯ ಗೋಡೆಗಳನ್ನೆಲ್ಲ ಬಿಟ್ಟುಕೊಡುತ್ತೇವೆ, ಯಾವುದನ್ನು ಹಾಕಬೇಕೋ ನೀವೇ ಆರಿಸಿ ಎಂದಿದ್ದಳು ಗ್ರಂಥಪಾಲಕಿ. ಬಹುಪಾಲು ಆರಿಸಿಯೂ ಆಗಿತ್ತು. ಹೊಸ ಕಣ್ಣಲ್ಲಿ ಅವನ್ನು ಒಮ್ಮೆ ನೋಡದೆ ಇರಲು ಆಕೆಯಿಂದ ಆಗಲಿಲ್ಲ. ಮಗಳು ಊಟಕ್ಕೆ ಮನೆಗೆ ಬಂದ ಹೊತ್ತಿಗೆ ಆಕೆ ಬೀಗದ ಕೈ ಹಿಡಿದು ಅತ್ತ ನಡೆದಳು.

ಕಂಪ್ಯೂಟರು ಹಚ್ಚಿ ಮೊದಲ ಚಿತ್ರ ತೆರೆದಳು. ಬೇಕರಿಯ ಯಜಮಾನ, ಕೈಯಲ್ಲಿ ಬ್ರೆಡ್ಡಿನ ಹಲಗೆ. ಅವನ ತುಟಿ ನೇರಳೆಯಾಗಿತ್ತು. ಎರಡನೆಯದು, ಹೊಸ ಮದುಮಗಳು. ಕೆರೆಯಿಂದ ಆಗಷ್ಟೇ ಎತ್ತಿ ಕೂರಿಸಿದ ಹಾಗೆ. ಮೂರನೆಯದು, ಬಸ್ ಡಿಪೋದ ಮೆಕ್ಯಾನಿಕ್‌ಗಳು ಸಾಲಾಗಿ ನಗುತ್ತಿದ್ದರು, ಚಳಿಗೆ ಹಲ್ಲು ಕಡಿಯುತ್ತಿದ್ದಾರೇನೋ ಅನ್ನುವಂತೆ. ಎಡಗಣ್ಣಿನಿಂದ ನೋಡಿದಳು: ಸರಿಯಾಗಿತ್ತು, ತಾನು ಬಣ್ಣ ತಿದ್ದಿ ಮುಗಿಸಿದ ದಿನ ಇದ್ದ ಹಾಗೆಯೇ. ಬಲಗಣ್ಣಿನಿಂದ ನೋಡಿದಳು: ಶವಾಗಾರದಲ್ಲಿಟ್ಟ ಮುಖಗಳು.

ತಲೆಯೆತ್ತಿದಾಗ ಎದುರಿನ ಗೋಡೆಯಲ್ಲಿ ಅದೇ ಮದುಮಗಳಿದ್ದಳು. ಗಿರಾಕಿಗಳಿಗೆ ತೋರಿಸಲೆಂದು ಚೌಕಟ್ಟು ಹಾಕಿದ ಪ್ರತಿ. ಅವಳ ಕೆನ್ನೆಯಲ್ಲಿ ರಕ್ತವಿತ್ತು.

ಆಕೆ ಎದ್ದು ಹತ್ತಿರ ಹೋದಳು. ಒಂದು ಕಣ್ಣು, ಇನ್ನೊಂದು ಕಣ್ಣು. ಅದೇ ಚಿತ್ರ, ಬೇರೆ ಬಣ್ಣ. ಪಕ್ಕದ ಚಿತ್ರವೂ ಹಾಗೆಯೇ. ಅದರ ಪಕ್ಕದ್ದೂ.

ಮಗಳು ಓಡುತ್ತ ಬಂದಾಗ ಆಕೆ ಗೋಡೆಗೆ ಮುಖ ಮಾಡಿಯೇ ನಿಂತಿದ್ದಳು.

"ಇದನ್ನ ಯಾರು ತಿದ್ದಿದ್ದು?"

ಮಗಳು ತಡವರಿಸಿದಳು. "ನಾನೇ ಅಮ್ಮ."

"ಇದೊಂದೇನಾ?"

"...ಎಲ್ಲಾನೂ."

"ಯಾವಾಗಿಂದ?"

"ಕೆಲವು ವರ್ಷ ಆಯ್ತು. ನೀನು ತಿದ್ದಿ ಕೊಟ್ಟದ್ದನ್ನ ಪ್ರಿಂಟಿಗೆ ಹಾಕೋ ಮುಂಚೆ ನಾನು ಇನ್ನೊಂದ್ಸಲ ನೋಡ್ತಿದ್ದೆ, ಅಷ್ಟೇ. ನಿನ್ನದನ್ನ ಮುಟ್ಟಿಲ್ಲ, ಅದು ಹಾಗೇ ಇದೆ."

"ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿನಗೆ?"

"ಹೇಳಿದ್ದೆ. ಎಲ್ಲಾ ಹಳದಿ ಇದೆ ಅಂತ ನೀನು ನೀಲಿ ಸೇರಿಸ್ತಾ ಇದ್ದೆ, ನೀಲಿ ಸ್ವಲ್ಪ ಜಾಸ್ತಿ ಆಯ್ತೇನೋ ಅಂದೆ. 'ನಿನ್ನ ಕಣ್ಣು ತೋರಿಸ್ಕೊಂಡು ಬಾ' ಅಂದೆ ನೀನು."

ಅಂದಿದ್ದು ನಿಜ. ಅಂದ ದಿನದ ನೆನಪೂ ಇತ್ತು, ಅದರ ಹಿಂದಿನ ದರ್ಪವೂ ನೆನಪಿತ್ತು. ಫೋಟೋದಮ್ಮ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತಳು.

"ಅಂದ್ರೆ, ಫೋಟೋ ಎಷ್ಟು ಚೆನ್ನಾಗಿ ಬಂದಿದೆ ಅಂತ ಜನ ಹೇಳ್ತಿದ್ದದ್ದು ನಿನಗೆ. ನಾನು ತಲೆ ಆಡಿಸ್ತಾ ಇದ್ದೆ, ಬೊಂಬೆ ಹಾಗೆ."

"ಅಯ್ಯೋ, ಹಾಗಲ್ಲಮ್ಮ…"

"ಲೈಬ್ರರಿಯವರಿಗೆ ಬೇಡ ಅಂತ ಹೇಳಿಬಿಡು. ನನ್ನದು ಅನ್ನೋದು ಏನಿದೆ ಅಲ್ಲಿ ಹಾಕೋಕೆ?"

ಆ ಮಾತನ್ನು ಆಕೆ ಮನೆಯಲ್ಲೂ ಹೇಳಿದಳು. ಗಾರ್ಡ್ ಸಾಹೇಬರು ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದರು. ತಾಯಿ ಮಗಳ ನಡುವೆ ಮಾತು ನಿಲ್ಲಲಿಲ್ಲ, ಆದರೆ ಬಡವಾಯಿತು: ಔಷಧ ಹಾಕ್ಕೊಂಡೆಯಾ, ಹಾಕ್ಕೊಂಡೆ, ಊಟಕ್ಕೆ ಬಾ, ಬಂದೆ. ಒಂದೇ ಮನೆಯಲ್ಲಿ ಇಬ್ಬರೂ ಪರಸ್ಪರ ದಾರಿ ಬಿಟ್ಟುಕೊಂಡು ಓಡಾಡಿದರು.

ಎಡಗಣ್ಣಿನ ಶಸ್ತ್ರಚಿಕಿತ್ಸೆಯ ದಿನ ಡಾಕ್ಟರು ಕೇಳಿದರು, "ಹೇಗಿದೆ ಬಲಗಣ್ಣು?"

"ಬುದ್ಧಿ ಬಂದಿದೆ ಅದಕ್ಕೆ," ಎಂದಳು ಫೋಟೋದಮ್ಮ. "ನಾನು ಮಾಡಿದ ಕೆಲಸ ಎಲ್ಲಾ ಕೆಟ್ಟದ್ದು ಅಂತ ತೋರಿಸಿಕೊಡ್ತು."

ಡಾಕ್ಟರು ಟಾರ್ಚು ಆರಿಸಿ ಆಕೆಯ ಮುಖ ನೋಡಿದರು. "ಅಮ್ಮ, ನಾನು ಅವತ್ತೇ ಹೇಳಿದ್ನಲ್ಲ. ಈಗ ಕಾಣ್ತಿರೋ ನೀಲಿನೂ ಪೂರ್ತಿ ನಿಜ ಅಲ್ಲ. ಇಷ್ಟು ವರ್ಷ ನೀಲಿ ಕಾಣದೆ ಇದ್ದ ಮೆದುಳು ಈಗ ಹಸಿದವರ ಹಾಗೆ ಬಾಚಿಕೊಳ್ತಿದೆ."

"ಮತ್ತೆ ಯಾವ ಕಣ್ಣನ್ನ ನಂಬಲಿ ನಾನು? ಹಳೇದು ಸುಳ್ಳು ಹೇಳ್ತು. ಹೊಸದೂ ಹೇಳ್ತಿದೆ ಅಂತೀರಿ."

"ಅದಕ್ಕೆ ಸಮಯ ಕೊಡಿ. ಅಲ್ಲೀವರೆಗೆ ಯಾವುದನ್ನೂ ಎತ್ತಿ ಬಿಸಾಕಬೇಡಿ."

ಆಕೆ ಬಿಸಾಕಲಿಲ್ಲ. ನೋಡಲೂ ಇಲ್ಲ. ಎರಡೂ ಕಣ್ಣು ಹೊಸತಾದ ಮೇಲೆ ಮುಚ್ಚಿ ತೆರೆಯುವ ಆಟವೂ ಮುಗಿಯಿತು. ಜೇನಿನ ಬೀದಿ ಎಲ್ಲೋ ಹೊರಟುಹೋಯಿತು. ಅದಕ್ಕಾಗಿ ಆಕೆ ಒಂದು ಮಧ್ಯಾಹ್ನ ಕಿಟಕಿಯ ಬಳಿ ಸುಮ್ಮನೆ ಅತ್ತಳು, ಯಾಕೆಂದು ಗಂಡ ಕೇಳಿದ್ದಕ್ಕೆ ಕಣ್ಣಿಗೆ ಹನಿ ಹಾಕಿಕೊಂಡೆ ಎಂದಳು. ದಿನ ಕಳೆದಂತೆ ನೀಲಿಯ ರಭಸ ತಗ್ಗಿತು. ಗೋಡೆಗಳು ಬರೀ ಗೋಡೆಗಳಾದವು. ಬೆಕ್ಕು ಬೂದಿಯೂ ಅಲ್ಲದ ಕಂದೂ ಅಲ್ಲದ ತನ್ನ ಬಣ್ಣಕ್ಕೆ ಬಂದು ನಿಂತಿತು. ಗಂಡ ಗಂಡನೇ ಆದರು.

ಎಷ್ಟೋ ದಿನಗಳ ಮೇಲೆ ಒಂದು ಬೆಳಿಗ್ಗೆ ಆಕೆ ತಾನಾಗಿ ಮಗಳ ಜೊತೆ ಸ್ಟುಡಿಯೋಗೆ ಹೊರಟಳು. ಕೌಂಟರಿನ ಹಿಂದೆ ಆಕೆಯ ಬಹುಮಾನದ ಚಿತ್ರ ತೂಗುತ್ತಿತ್ತು. ಹರೆಯದಲ್ಲಿ ತೆಗೆದದ್ದು, ಕಪ್ಪು ಬಿಳುಪು: ಮಂಜಿನಲ್ಲಿ ಅರ್ಧ ಕರಗಿದ ಸೇತುವೆ, ಅದರ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿರುವ ಅಂಚೆಯವನು. ತನ್ನ ಕೆಲಸ ಎಂದರೆ ಇದು ಎಂದು ಆಕೆ ಯಾವಾಗಲೂ ಅಂದುಕೊಂಡಿದ್ದಳು; ಉಳಿದದ್ದೆಲ್ಲ ಹೊಟ್ಟೆಪಾಡು. ಆದರೆ ಅದನ್ನು ನೋಡಿ ವರ್ಷಗಳಾಗಿದ್ದವು. ಅಲ್ಲಿದೆ ಎಂಬುದಷ್ಟೇ ಗೊತ್ತಿತ್ತು.

ಈಗ ಇಳಿಸಿ ಬಾಗಿಲ ಬೆಳಕಿಗೆ ಹಿಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಆಕೆಯ ಭುಜ ಕುಲುಕತೊಡಗಿತು.

"ಅಮ್ಮ?" ಮಗಳಿಗೆ ಗಾಬರಿ.

"ಇವನನ್ನ ನೋಡೇ," ಆಕೆ ನಗುತ್ತಿದ್ದಳು. "ಸೇತುವೆ ಮೇಲೆ ಇವನನ್ನ ಹಿಂದಕ್ಕೆ ಮುಂದಕ್ಕೆ ಎಷ್ಟು ಸಲ ಓಡಿಸಿದ್ದೆ ಗೊತ್ತಾ? ಬೆನ್ನು ನೋಡು, 'ಸಾಕಾ ತಾಯಿ, ಇನ್ನಾದ್ರೂ ಹೋಗಲಾ' ಅಂತ ಕೇಳ್ತಿದೆ."

"ಚೆನ್ನಾಗಿದೆಯಲ್ಲಮ್ಮ."

"ಮಂಜು ಚೆನ್ನಾಗಿದೆ." ಇನ್ನೂ ಸ್ವಲ್ಪ ನೋಡಿ, "ಚಕ್ರ ಇಟ್ಟಿರೋ ಜಾಗನೂ ಚೆನ್ನಾಗಿದೆ. ಆ ವಯಸ್ಸಿಗೆ ಅಷ್ಟು ಗೊತ್ತಿತ್ತಲ್ಲ," ಎಂದು, ಅದನ್ನು ತಿರುಗಿ ಮೊಳೆಗೆ ಸಿಕ್ಕಿಸಿದಳು. ಇಷ್ಟು ವರ್ಷ ತನ್ನ ತಲೆಯ ಮೇಲೆ ಕೂತಿದ್ದ ಯಾರೋ ಇಳಿದು ಪಕ್ಕದಲ್ಲಿ ಕೂತಂತೆ ಆಯಿತು ಆಕೆಗೆ.

ಆಮೇಲೆ ಮಗಳಿಗೆ ಹೇಳಿದಳು: "ಕಣ್ಣು ಮಂಜಾಗಿದ್ದ ವರ್ಷಗಳದ್ದು ಎಷ್ಟಿದೆಯೋ ಅಷ್ಟೂ ಬಣ್ಣ ತೆಗೆದು, ಚಿಕ್ಕ ಚಿಕ್ಕದಾಗಿ ಪ್ರಿಂಟ್ ಹಾಕಿ ಕೊಡು. ನನ್ನ ನೀಲಿನೂ ಬೇಡ, ನಿನ್ನ ಕೆಂಪೂ ಬೇಡ. ಅದರಲ್ಲಿ ಏನಿದೆ ಅಂತ ನೋಡೋಣ."

ಮಗಳು ಆ ವಾರವೆಲ್ಲ ಪ್ರಿಂಟ್ ಹಾಕಿದಳು. ಮನೆಯ ನಡುಕೋಣೆಯ ನೆಲದ ತುಂಬ ಬೂದುಬಣ್ಣದ ಮುಖಗಳು ಹರಡಿಕೊಂಡವು. ಗಾರ್ಡ್ ಸಾಹೇಬರು ಕಾಲ್ಚೀಲ ಹಾಕಿಕೊಂಡು, ಹಳಿ ದಾಟುವವರ ಹಾಗೆ ಎರಡೂ ಕಡೆ ನೋಡಿ ಓಡಾಡಬೇಕಾಯಿತು. ಫೋಟೋದಮ್ಮ ಒಂದು ಮಣೆಯ ಮೇಲೆ ಕೂತು ಒಂದೊಂದಾಗಿ ಎತ್ತಿಕೊಂಡಳು. ಬದಿಯಲ್ಲಿ ಬೆತ್ತದ ಬುಟ್ಟಿ.

"ಇದು ಕೆಟ್ಟದ್ದು." ಬುಟ್ಟಿಗೆ. "ಇದೂ ಕೆಟ್ಟದ್ದು. ಇದರಲ್ಲಿ ಕಿವಿ ಸ್ಪಷ್ಟ ಇದೆ, ಮೂಗು ಊರಾಚೆ ಇದೆ." ಬುಟ್ಟಿಗೆ. ಕೆಟ್ಟದ್ದು ಕಡಿಮೆಯೇನೂ ಇರಲಿಲ್ಲ. ಆಶ್ಚರ್ಯವೆಂದರೆ, ಆ ಮಾತು ಹೇಳುವಾಗ ಈಗ ಎದೆ ಉರಿಯಲಿಲ್ಲ; ಕಾಳಿನಿಂದ ಕಲ್ಲು ಆಯ್ದಂತೆ ಕೈ ತಾನಾಗಿ ಹೋಗುತ್ತಿತ್ತು.

"ಏ, ಅದರಲ್ಲಿ ನಾನಿದ್ದೀನಿ!" ಗಾರ್ಡ್ ಸಾಹೇಬರು ಬುಟ್ಟಿಗೆ ಕೈ ಹಾಕಿದರು. ಅವರು ನಿವೃತ್ತರಾದ ದಿನದ ಚಿತ್ರ. ಪ್ಲಾಟ್‌ಫಾರ್ಮಿನ ಮೇಲೆ ಹಾರ ಹಾಕಿಕೊಂಡು ನಿಂತಿದ್ದರು.

"ಅದಕ್ಕೇ ಇಷ್ಟು ದಿನ ಅದು ಉಳಿದಿದ್ದು. ಆ ದಿನ ಒಳ್ಳೇದಿತ್ತು ರೀ. ಫೋಟೋ ಒಳ್ಳೇದಿಲ್ಲ."

"ನನ್ನ ಪೆಟ್ಟಿಗೇಲಿ ಇರಲಿ ಬಿಡು," ಎಂದು ಅವರು ಜೇಬಿಗೆ ಹಾಕಿಕೊಂಡರು.

ಉಳಿದವು ಬೇರೆ ಥರ ಇದ್ದವು. ಆ ವರ್ಷಗಳಲ್ಲಿ ದೂರದ್ದು ಕಾಣುತ್ತಿರಲಿಲ್ಲವಾದ್ದರಿಂದ ಆಕೆ ಜನರ ತೀರ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಸರಿಯಾಗಿ ಕಂಡಿತೋ ಇಲ್ಲವೋ ಎಂಬ ಅಳುಕಿಗೆ ಮಾತಾಡುತ್ತ, ಕಾಯುತ್ತ, ಅವರ ದನಿ ಸಡಿಲವಾದದ್ದನ್ನು ಕೇಳಿಸಿಕೊಂಡು ಗುಂಡಿ ಒತ್ತುತ್ತಿದ್ದಳು. ಬೇಕರಿಯವನು ಇಲ್ಲಿ ಕ್ಯಾಮೆರಾದ ಆಚೆ ಇರುವ ಯಾರಿಗೋ ಮನೆಯ ವಿಷಯ ಹೇಳುತ್ತಿದ್ದಾನೆ. ಮದುಮಗಳು ನಗು ತಡೆಯಲಾಗದೆ ತುಟಿ ಕಚ್ಚಿಕೊಂಡಿದ್ದಾಳೆ. ಅಂಚೆಯವನ ಬೆನ್ನಿನಲ್ಲಿದ್ದ ಬಿಗಿತ ಇವರಲ್ಲಿ ಯಾರಿಗೂ ಇರಲಿಲ್ಲ.

ಒಂದು ಚಿತ್ರ ಕೈಗೆ ಬಂದಾಗ ಆಕೆ ಬುಟ್ಟಿಯ ಕಡೆಗೇ ಕೈ ಚಾಚಿದಳು, ಆದರೆ ಬೆರಳು ಬಿಡಲಿಲ್ಲ. ಆಸ್ಪತ್ರೆಯ ಮಹಡಿಯ ಮೇಲೆ ಬಟ್ಟೆ ಒಗೆಯುವ ಇಬ್ಬರು ಹೆಂಗಸರು ದೊಡ್ಡ ಹೊದಿಕೆಯೊಂದನ್ನು ಎರಡೂ ತುದಿ ಹಿಡಿದು ಮಡಚುತ್ತಿದ್ದಾರೆ. ಗಾಳಿ ಅದರ ಹೊಟ್ಟೆಯನ್ನು ಉಬ್ಬಿಸಿದೆ. ಒಬ್ಬಳ ಮುಖ ಅರ್ಧ ಮುಚ್ಚಿ, ಉಳಿದ ಅರ್ಧದಲ್ಲಿ ನಗು.

"ಇದನ್ನ ಅಳಿಸು ಅಂತ ಅವತ್ತೇ ಹೇಳಿದ್ದೆ ನಿನಗೆ," ಎಂದಳು.

"ಅಳಿಸೋಕೆ ಮನಸ್ಸಾಗ್ಲಿಲ್ಲ."

"ಅವತ್ತು ಅಲ್ಲಿ ಕಾಲು ಜಾರಿ ಬಿದ್ದಿದ್ದೆ. ಆಮೇಲೆ ದಾರಿಯುದ್ದಕ್ಕೂ ನಿನ್ನ ಜೊತೆ ಜಗಳ. ಸ್ಟುಡಿಯೋಗೆ ಬಂದು ಇದನ್ನ ತಿದ್ತಾ ಇದ್ರೆ ಸೊಂಟ ನೋಯ್ತಿತ್ತು."

ಆಕೆ ಚಿತ್ರವನ್ನು ದೂರ ಹಿಡಿದಳು, ಹತ್ತಿರ ತಂದಳು. ಅದರಲ್ಲಿ ಎಲ್ಲೂ ನೋವಿರಲಿಲ್ಲ. ಜಗಳವೂ ಇರಲಿಲ್ಲ. ಗಾಳಿ, ಬಟ್ಟೆ, ಇಬ್ಬರು ಹೆಂಗಸರು.

"ಇದನ್ನ ದೊಡ್ಡದಾಗಿ ಮಾಡೋಣ," ಎಂದು ಮೆಲ್ಲಗೆ ಹೇಳಿದಳು. ಆಮೇಲೆ ನೆನಪಾಗಿ, "ಆದ್ರೆ ಲೈಬ್ರರಿಯವರಿಗೆ ಬೇಡ ಅಂದುಬಿಟ್ಟಾಯ್ತಲ್ಲ," ಎಂದಳು.

ಗಾರ್ಡ್ ಸಾಹೇಬರು ಕೆಮ್ಮಿದರು. "ನಾನು ಹೇಳಿಲ್ಲ."

"ಮತ್ತೆ ಅವತ್ತು ಫೋನಲ್ಲಿ ಅಷ್ಟು ಹೊತ್ತು?"

"ಕಣ್ಣು ಸರಿಯಾಗಲಿ, ಆಮೇಲೆ ಹೇಳ್ತಾಳೆ ಅಂದೆ. ದಾರಿ ಖಾತ್ರಿ ಇಲ್ಲದೆ ನಾನು ಯಾವತ್ತಾದ್ರೂ ಬಾವುಟ ತೋರಿಸಿದ್ದುಂಟಾ?"

ಫೋಟೋದಮ್ಮ ಗಂಡನನ್ನು ದುರುಗುಟ್ಟಿ ನೋಡಲು ಹೋಗಿ ಸೋತಳು.

ಬಣ್ಣದ ಪ್ರಶ್ನೆ ಉಳಿದಿತ್ತು. ಮರುದಿನ ಮಧ್ಯಾಹ್ನ ತಾಯಿ ಮಗಳು ಕಂಪ್ಯೂಟರಿನ ಮುಂದೆ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತರು. ಆಕೆ ತಿದ್ದಿದ ಪ್ರತಿಯಲ್ಲಿ ಹೊದಿಕೆ ನೀರಿನ ಹಾಗೆ ನೀಲಿ. ಮಗಳು ಅದನ್ನು ಸರಿಪಡಿಸುತ್ತ ಬಂದಳು. "ಸಾಕಾ?"

"ಇನ್ನೂ ಸ್ವಲ್ಪ ತೆಗಿ."

"ಈಗ?"

"ಈಗ ಹಾಲಿನ ಹಾಗಾಯ್ತು. ಹೊದಿಕೆ ಹಾಗಿರಲಿಲ್ಲ ಕಣೇ. ಸತ್ತುಹೋಯ್ತು ನೋಡು."

"ಅಮ್ಮ, ಬಿಳಿ ಅಂದ್ರೆ ಇದೇ. ಬೇಕಾದ್ರೆ ಅಳೆದು ತೋರಿಸ್ತೀನಿ."

"ನಾನು ನೋಡಿದ್ದು ಇದಲ್ಲ."

"ನೀನು ನೋಡಿದ್ದು…" ಮಗಳು ಮಾತು ನುಂಗಿಕೊಂಡಳು. ಇಬ್ಬರ ಮುಖವೂ ಕೆಂಪಾಯಿತು. ಹಳೆಯ ಜಗಳ ಬಾಗಿಲಲ್ಲಿ ಬಂದು ನಿಂತಂತಾಯಿತು.

ಊಟದ ಡಬ್ಬಿ ತಂದಿದ್ದ ಗಾರ್ಡ್ ಸಾಹೇಬರು ಹಿಂದಿನಿಂದ ಪರದೆಯನ್ನೇ ನೋಡುತ್ತಿದ್ದರು. "ಯಾಕೆ ಇಬ್ರೂ ಕಿತ್ತಾಡ್ತೀರಿ? ಒಗೆದ ಬಿಳಿ ಬಟ್ಟೆಗೆ ನೀಲಿ ಹಾಕಲ್ವಾ? ನನ್ನ ಯೂನಿಫಾರಂಗೆ ಬಕೆಟ್ಟಿನಲ್ಲಿ ನೀಲಿ ಕಲಸಿ ಅದ್ದುತಾ ಇದ್ದದ್ದು ಯಾರು?"

ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಆಮೇಲೆ ಮಗಳು ಮೊದಲು, ಹಿಂದೆಯೇ ತಾಯಿ, ಬೆಂಚು ಅಲುಗಾಡುವಷ್ಟು ನಕ್ಕರು. ನಗುವ ಭರದಲ್ಲಿ ಆಕೆಯ ಕೈ ಮಗಳ ಮೊಣಕಾಲ ಮೇಲೆ ಬಿತ್ತು, ಅಲ್ಲೇ ಉಳಿಯಿತು.

"ಸ್ವಲ್ಪ ವಾಪಸ್ ತಾ," ಎಂದಳು ಕಣ್ಣೊರೆಸಿಕೊಂಡು. "ಇನ್ನೂ ಚೂರು. ಆಂ. ನಿಲ್ಲಿಸು. ನಿನಗೆ ಹೇಗೆ ಕಾಣತ್ತೆ?"

ಮಗಳು ಮುಂದಕ್ಕೆ ಬಾಗಿ ನೋಡಿದಳು. "ಒದ್ದೆ ಇದೆ ಅನ್ಸತ್ತೆ."

"ನನಗೂ."

ಹಾಗೆ ಅವರು ಉಳಿದವನ್ನೂ ಒಂದೊಂದಾಗಿ ನೋಡಿದರು. ಬೇಕರಿಯವನಿಗೆ ಒಲೆಯ ಕೆಂಪು ಬಂತು. ಮದುಮಗಳನ್ನು ಮಗಳು ತಿದ್ದಿದ್ದಂತೆಯೇ ಬಿಟ್ಟರು. ಅದಕ್ಕಿಂತ ಚೆನ್ನಾಗಿ ತನಗೂ ಬರುತ್ತಿರಲಿಲ್ಲ ಎಂದಳು ಫೋಟೋದಮ್ಮ. ಸೇತುವೆಯ ಚಿತ್ರವೂ ಇರಲಿ, ಆದರೆ ಬಾಗಿಲ ಪಕ್ಕದ ಸಣ್ಣ ಗೋಡೆಗೆ ಎಂದಳು. ಚಿತ್ರಗಳ ಕೆಳಗೆ ಯಾರ ಹೆಸರು ಹಾಕಲಿ ಎಂದು ಗ್ರಂಥಪಾಲಕಿ ಫೋನಿನಲ್ಲಿ ಕೇಳಿದಾಗ, ಹಳೆಯವಕ್ಕೆ ನನ್ನದು, ಈಚಿನವಕ್ಕೆ ಇಬ್ಬರದೂ ಎಂದಳು. ಮಗಳು ಬೇಡ ಬೇಡವೆಂದು ಕೈಯಾಡಿಸುತ್ತಿದ್ದುದನ್ನು ಕಾಣದವಳಂತೆ ಬೆನ್ನು ತಿರುಗಿಸಿ ನಿಂತಳು.

ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಚೌಕಟ್ಟುಗಳನ್ನೆಲ್ಲ ಕೈಗಾಡಿಯಲ್ಲಿ ಕಳಿಸಿದ್ದಾಯಿತು. ಆಸ್ಪತ್ರೆ ಮಹಡಿಯ ಚಿತ್ರ ಮಾತ್ರ ಗಾಡಿಗೆ ಹಿಡಿಸಲಿಲ್ಲ. ಲೈಬ್ರರಿ ಹತ್ತಿರವೇ, ಮಗಳು ಅದನ್ನು ಎರಡೂ ಕೈಯಿಂದ ತಲೆಯ ಹಿಂದೆ ಹಿಡಿದು, ಬೆನ್ನಿಗಾನಿಸಿಕೊಂಡು ಹೊರಟಳು. ಗಾಜು ಹಿಂದಕ್ಕಿತ್ತು. ಫೋಟೋದಮ್ಮ, ಎಷ್ಟೋ ದಿನಗಳ ಮೇಲೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು, ನಾಲ್ಕು ಹೆಜ್ಜೆ ಹಿಂದೆ ನಡೆದಳು.

ಬಿಸಿಲು ಇನ್ನೂ ಎಳೆಯದಿತ್ತು. ಮಗಳ ನಡಿಗೆಗೆ ಗಾಜು ಅತ್ತಿತ್ತ ವಾಲುವಾಗ ಹೊದಿಕೆಯ ಮೇಲೆ ಮರಗಳು ಬಂದುಹೋದವು, ಒಂದು ಬಸ್ಸು ಹಾದುಹೋಯಿತು, ಅಂಗಡಿಗಳ ಬಾಗಿಲುಗಳು ಎದ್ದವು. ಒಮ್ಮೆ ಅದರಲ್ಲಿ ತಾನೇ ಕಾಣಿಸಿದಳು, ನೆರೆತ ಕೂದಲಿನ ಒಬ್ಬ ಹೆಂಗಸು, ಆ ಇಬ್ಬರ ನಡುವೆ ತುಸು ಹೊತ್ತು ನಿಂತು. ಮಗಳು ತಿರುವಿಗೆ ಬಂದು ಬದಿಗೆ ಸರಿದಳು. ಗಾಜಿನ ತುಂಬ ಆಕಾಶ ತುಂಬಿಕೊಂಡಿತು. ಫೋಟೋದಮ್ಮ ಹೆಗಲ ಮೇಲಿದ್ದ ಕ್ಯಾಮೆರಾದ ಪಟ್ಟಿಯನ್ನು ಸರಿಮಾಡಿಕೊಂಡು, ಮಗಳೂ ಆಕಾಶವೂ ಒಂದೇ ಚಿತ್ರಕ್ಕೆ ಸಿಗುವಂತೆ ನಡಿಗೆಯನ್ನು ಸ್ವಲ್ಪ ನಿಧಾನ ಮಾಡಿದಳು.